ಸ್ತ್ರೀ ಸಂತಾನಹೀನತೆಯ ತಪಾಸಣೆಯಲ್ಲಿ ರಾಸಾಯನಿಕ ಸೂಚಕಗಳು: ಗ್ರಾಮ ಪಂಚಾಯಿತಿ ಸದಸ್ಯರು ತಿಳಿದಿರಬೇಕಾದ ಸಂಗತಿಗಳು

(ಗ್ರಾಮ ಪಂಚಾಯಿತಿ ಚುನಾಯಿತ ಪ್ರತಿನಿಧಿಗಳಿಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಠ್ಯ)



ಗ್ರಾಮ ಪಂಚಾಯಿತಿಯ ಸಾಮಾನ್ಯ ಸಭೆಗಳಲ್ಲಿ ಕುಡಿಯುವ ನೀರು, ಚರಂಡಿ, ಬೀದಿದೀಪ, ಉದ್ಯೋಗ ಖಾತರಿ ಕಾಮಗಾರಿ ಮುಂತಾದ ವಿಷಯಗಳು ಚರ್ಚೆಗೆ ಬರುತ್ತವೆ. ಮದುವೆಯಾಗಿ ವರ್ಷಗಳು ಕಳೆದರೂ ಮಕ್ಕಳಾಗದ ದಂಪತಿಯ ಸಂಕಟವು ಯಾವ ಕಾರ್ಯಸೂಚಿಯಲ್ಲಿಯೂ ಕಾಣಿಸಿಕೊಳ್ಳುವುದಿಲ್ಲ. ಆದರೂ ಅದು ಪ್ರತಿಯೊಂದು ಗ್ರಾಮದಲ್ಲಿಯೂ ಇದೆ. ಜಗತ್ತಿನಲ್ಲಿ ಸುಮಾರು ಆರು ಮಂದಿ ವಯಸ್ಕರಲ್ಲಿ ಒಬ್ಬರು, ಎಂದರೆ ಶೇ. 17.5ರಷ್ಟು ಜನ, ಜೀವನದ ಒಂದಲ್ಲ ಒಂದು ಹಂತದಲ್ಲಿ ಸಂತಾನಹೀನತೆಯನ್ನು ಅನುಭವಿಸುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ಪ್ರಕಟಿಸಿದ ವರದಿ ತಿಳಿಸುತ್ತದೆ.

ಹಿಂದೆ ಇಂತಹ ದಂಪತಿ ಹರಕೆ, ನಾಟಿ ಔಷಧಿ, ಜಾತಕಗಳ ಮೊರೆ ಹೋಗುತ್ತಿದ್ದರು. ಇಂದು ಅವುಗಳ ಜೊತೆಗೆ ಪ್ರಯೋಗಾಲಯದ ವರದಿಯೂ ಮನೆಯನ್ನು ಪ್ರವೇಶಿಸಿದೆ. ಪಟ್ಟಣದಲ್ಲಿ ರಕ್ತ ಕೊಟ್ಟು ಬಂದ ಮರುದಿನವೇ ವರದಿಯು ಮೊಬೈಲಿಗೆ ಬರುತ್ತದೆ. ಅದರಲ್ಲಿ ಒಂದು ಅಂಕಿ ದಪ್ಪಕ್ಷರದಲ್ಲಿರುತ್ತದೆ. ಪಕ್ಕದಲ್ಲಿ ‘ಕಡಿಮೆ’ ಎಂದೋ ‘ಹೆಚ್ಚು’ ಎಂದೋ ಗುರುತಿರುತ್ತದೆ. ವೈದ್ಯರು ಆ ಅಂಕಿಗೆ ಅರ್ಥ ಹೇಳುವುದಕ್ಕೆ ಮೊದಲೇ ಮನೆಯವರು ಮತ್ತು ನೆರೆಹೊರೆಯವರು ಅರ್ಥ ಹೇಳಿಬಿಡುತ್ತಾರೆ. ಒಂದು ಅಂಕಿಯ ತಪ್ಪು ಅರ್ಥದಿಂದ ಹೆಣ್ಣುಮಗಳೊಬ್ಬಳು ತವರಿಗೆ ಹಿಂತಿರುಗಬೇಕಾಗಬಹುದು. ಗುಣವಾಗಬಹುದಾದ ತೊಂದರೆಯೊಂದು ಗುಣವಾಗದೆ ಉಳಿಯಬಹುದು. ಕುಟುಂಬವೊಂದು ಸಾಲದಲ್ಲಿ ಮುಳುಗಬಹುದು.

ಈ ಉಪನ್ಯಾಸದ ಉದ್ದೇಶ ಸದಸ್ಯರಿಗೆ ವೈದ್ಯಕೀಯವನ್ನು ಕಲಿಸುವುದಲ್ಲ. ರಕ್ತಪರೀಕ್ಷೆಯ ಪ್ರತಿಯೊಂದು ಅಂಕಿಯೂ ಒಂದೇ ಒಂದು ಪ್ರಶ್ನೆಗೆ ಉತ್ತರಿಸುತ್ತದೆ, ‘ಈಕೆಗೆ ಮಕ್ಕಳಾಗುತ್ತವೆಯೇ’ ಎಂಬ ಪ್ರಶ್ನೆಗೆ ಉತ್ತರಿಸಬಲ್ಲ ಅಂಕಿ ಯಾವುದೂ ಇಲ್ಲ ಎಂಬ ಸಂಗತಿಯನ್ನು ಸದಸ್ಯರಿಗೂ, ಅವರ ಮೂಲಕ ಗ್ರಾಮಸ್ಥರಿಗೂ ತಲುಪಿಸುವುದೇ ಇದರ ಉದ್ದೇಶವಾಗಿದೆ.

1. ಸಂತಾನಹೀನತೆ ಎಂದರೆ ಯಾವುದು

ದಂಪತಿಯು ಯಾವುದೇ ಗರ್ಭನಿರೋಧಕ ಕ್ರಮವನ್ನು ಅನುಸರಿಸದೆ, ನಿಯಮಿತವಾಗಿ ಕೂಡಿ ಬಾಳಿದ 12 ತಿಂಗಳ ನಂತರವೂ ಗರ್ಭ ನಿಲ್ಲದಿದ್ದರೆ ಅದನ್ನು ವೈದ್ಯಶಾಸ್ತ್ರವು ಸಂತಾನಹೀನತೆ ಎಂದು ಕರೆಯುತ್ತದೆ. ಪತ್ನಿಯ ವಯಸ್ಸು 35ನ್ನು ದಾಟಿದ್ದರೆ 6 ತಿಂಗಳಿಗೇ ತಪಾಸಣೆ ಆರಂಭಿಸುವುದು ವಾಡಿಕೆ. ಮುಟ್ಟು ತಿಂಗಳುಗಟ್ಟಲೆ ನಿಲ್ಲುತ್ತಿದ್ದರೆ, ಹಿಂದೆ ಕ್ಷಯರೋಗ ಅಥವಾ ಕಿಬ್ಬೊಟ್ಟೆಯ ಸೋಂಕು ಬಂದಿದ್ದರೆ ಅಷ್ಟು ದಿನವೂ ಕಾಯಬೇಕಾಗಿಲ್ಲ.

ಇಲ್ಲಿ ಎರಡು ಮಾತುಗಳನ್ನು ಗಮನಿಸಬೇಕು. ಮೊದಲನೆಯದಾಗಿ, ಈ ವ್ಯಾಖ್ಯೆ ಹೇಳುವುದು ದಂಪತಿಯನ್ನು ಕುರಿತು, ಹೆಂಡತಿಯೊಬ್ಬಳನ್ನು ಕುರಿತಲ್ಲ. ಎರಡನೆಯದಾಗಿ, ಮದುವೆಯಾದ ಮೂರನೆಯ ತಿಂಗಳಿಗೇ ‘ಏನೂ ವಿಶೇಷವಿಲ್ಲವೇ’ ಎಂದು ಕೇಳತೊಡಗುವ ಸಮಾಜದ ಗಡುವಿಗೂ ವೈದ್ಯಶಾಸ್ತ್ರದ ಗಡುವಿಗೂ ಸಂಬಂಧವಿಲ್ಲ. ಗಂಡ ಬೆಂಗಳೂರಿನಲ್ಲಿ ದುಡಿಯುತ್ತ ತಿಂಗಳಿಗೊಮ್ಮೆ ಊರಿಗೆ ಬರುವ ಮನೆಗಳಲ್ಲಿ ವರ್ಷದ ಲೆಕ್ಕವೂ ಸರಿಹೊಂದುವುದಿಲ್ಲ. ಅಂತಹ ದಂಪತಿಯು ಕೂಡಿ ಬಾಳಿದ ದಿನಗಳೆಷ್ಟು ಎಂಬುದನ್ನು ಮೊದಲು ನೋಡಬೇಕು.

2. ರಾಸಾಯನಿಕ ಸೂಚಕ ಎಂದರೇನು

ಶರೀರದ ಒಳಗೆ ನಡೆಯುವ ಕ್ರಿಯೆಯನ್ನು ಕಣ್ಣಿನಿಂದ ನೋಡಲಾಗದಿದ್ದಾಗ, ಆ ಕ್ರಿಯೆಯಿಂದ ರಕ್ತಕ್ಕೋ ಮೂತ್ರಕ್ಕೋ ಸೇರುವ ವಸ್ತುವನ್ನು ಅಳೆದು ಒಳಗಿನ ಸ್ಥಿತಿಯನ್ನು ಊಹಿಸಬಹುದು. ಹೀಗೆ ಅಳೆಯಲಾಗುವ ವಸ್ತುವೇ ರಾಸಾಯನಿಕ ಸೂಚಕ.

ಗ್ರಾಮ ಪಂಚಾಯಿತಿಗೆ ಈ ಕ್ರಮ ಹೊಸದಲ್ಲ. ಜಲ ಜೀವನ್ ಮಿಷನ್ ಅಡಿಯಲ್ಲಿ ತರಬೇತಿ ಪಡೆದ ಮಹಿಳೆಯರು ಕ್ಷೇತ್ರ ಪರೀಕ್ಷಾ ಕಿಟ್ ಬಳಸಿ ನೀರಿನ ಫ್ಲೋರೈಡ್, ನೈಟ್ರೇಟ್, ಉಳಿಕೆ ಕ್ಲೋರಿನ್ ಅಂಶಗಳನ್ನು ಪರೀಕ್ಷಿಸುತ್ತಾರೆ. ಫ್ಲೋರೈಡಿನ ಪರೀಕ್ಷೆಯು ಫ್ಲೋರೈಡಿನ ವಿಷಯವನ್ನಷ್ಟೇ ಹೇಳುತ್ತದೆ. ಪೈಪು ಎಲ್ಲಿ ಕಟ್ಟಿಕೊಂಡಿದೆ, ಮೋಟಾರು ಸರಿಯಿದೆಯೇ ಎಂಬುದನ್ನು ಅದು ತಿಳಿಸದು. ರಕ್ತಪರೀಕ್ಷೆಯೂ ಹಾಗೆಯೇ.

ಆಶಾ ಕಾರ್ಯಕರ್ತೆಯರು ಬಳಸುವ ಗರ್ಭ ಪರೀಕ್ಷೆಯ ‘ನಿಶ್ಚಯ್’ ಕಿಟ್ ಕೂಡ ರಾಸಾಯನಿಕ ಸೂಚಕವನ್ನು ಆಧರಿಸಿದ್ದು. ಗರ್ಭ ನಿಂತ ಮೇಲೆ ಸ್ರವಿಸುವ ಎಚ್‌ಸಿಜಿ ಎಂಬ ಹಾರ್ಮೋನು ಮೂತ್ರದಲ್ಲಿ ಇದ್ದರೆ ಪಟ್ಟಿಯ ಮೇಲೆ ಎರಡನೆಯ ಗೆರೆ ಮೂಡುತ್ತದೆ. ಇದೇ ಹಾರ್ಮೋನನ್ನು ಗುರುತಿಸಲು 1927-28ರಲ್ಲಿ ಬರ್ಲಿನ್ನಿನ ವಿಜ್ಞಾನಿಗಳಾದ ಸೆಲ್ಮಾರ್ ಆಶ್‌ಹೈಮ್ ಮತ್ತು ಬರ್ನ್‌ಹಾರ್ಡ್ ಜೊಂಡೆಕ್ ಅವರು ಮಹಿಳೆಯ ಮೂತ್ರವನ್ನು ಇಲಿಮರಿಗಳಿಗೆ ಚುಚ್ಚಿ, ಕೆಲವು ದಿನಗಳ ನಂತರ ಅವುಗಳ ಅಂಡಾಶಯಗಳನ್ನು ಕೊಯ್ದು ನೋಡಬೇಕಾಗಿತ್ತು. ಅಂದು ದಿನಗಟ್ಟಲೆ ಹಿಡಿಯುತ್ತಿದ್ದ ಕೆಲಸ ಇಂದು ಅಂಗನವಾಡಿಯ ಜಗಲಿಯ ಮೇಲೆ ಐದು ನಿಮಿಷದಲ್ಲಿ ಮುಗಿಯುತ್ತದೆ. ವಿಜ್ಞಾನದ ಈ ಉಪಕಾರ ದೊಡ್ಡದು. ಅದನ್ನು ಸರಿಯಾಗಿ ಬಳಸಿಕೊಳ್ಳಲು ಯಾವ ವಸ್ತುವನ್ನು, ಯಾವ ದಿನ, ಯಾವ ಉದ್ದೇಶಕ್ಕಾಗಿ ಅಳೆಯಲಾಗುತ್ತಿದೆ ಎಂಬುದು ತಿಳಿದಿರಬೇಕು.

3. ಮುಖ್ಯ ಪರೀಕ್ಷೆಗಳು ಮತ್ತು ಅವುಗಳ ದಿನ

ಮಿದುಳಿನ ತಳಭಾಗದಲ್ಲಿರುವ ಪಿಟ್ಯುಟರಿ ಗ್ರಂಥಿಯು ಎಫ್‌ಎಸ್‌ಎಚ್ ಎಂಬ ಹಾರ್ಮೋನಿನ ಮೂಲಕ ಅಂಡಾಶಯಕ್ಕೆ ಅಂಡಾಣುವನ್ನು ಬೆಳೆಸಲು ಸೂಚನೆ ಕಳುಹಿಸುತ್ತದೆ. ಬೆಳೆಯುವ ಅಂಡಕೋಶವು ಈಸ್ಟ್ರಡಯಾಲ್ ಎಂಬ ಹಾರ್ಮೋನನ್ನು ಸ್ರವಿಸಿ ತನ್ನ ಬೆಳವಣಿಗೆಯನ್ನು ಮೇಲಕ್ಕೆ ತಿಳಿಸುತ್ತದೆ. ಅದು ಪಕ್ವವಾದಾಗ ಎಲ್‌ಎಚ್ ಎಂಬ ಹಾರ್ಮೋನು ಒಮ್ಮೆಲೇ ಏರಿ ಅಂಡಾಣು ಬಿಡುಗಡೆಯಾಗುತ್ತದೆ. ಅನಂತರ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಗರ್ಭಾಶಯದ ಒಳಪದರವನ್ನು ಗರ್ಭ ನಿಲ್ಲಲು ಸಿದ್ಧಗೊಳಿಸುತ್ತದೆ. ಈ ಹಾರ್ಮೋನುಗಳ ಪ್ರಮಾಣ ತಿಂಗಳ ಒಂದೊಂದು ದಿನವೂ ಒಂದೊಂದು ಬಗೆಯಾಗಿರುವುದರಿಂದ ದಿನ ತಪ್ಪಿದರೆ ಅರ್ಥವೂ ತಪ್ಪುತ್ತದೆ.

ಎಫ್‌ಎಸ್‌ಎಚ್ ಮತ್ತು ಈಸ್ಟ್ರಡಯಾಲ್: ಮುಟ್ಟಿನ ಮೊದಲ ದಿನವನ್ನು 1 ಎಂದು ಎಣಿಸಿ, 2ರಿಂದ 4ನೆಯ ದಿನದೊಳಗೆ ರಕ್ತ ಕೊಡಬೇಕು. ಅಂಡಾಶಯದ ಶಕ್ತಿ ಕುಂದಿದಾಗ ಪಿಟ್ಯುಟರಿಯು ಹೆಚ್ಚು ಒತ್ತಾಯ ಮಾಡಬೇಕಾಗುವುದರಿಂದ ಎಫ್‌ಎಸ್‌ಎಚ್ ಏರುತ್ತದೆ. ಎರಡನ್ನೂ ಒಟ್ಟಿಗೆ ನೋಡಬೇಕು. ಏಕೆಂದರೆ ಈಸ್ಟ್ರಡಯಾಲ್ ಹೆಚ್ಚಾಗಿದ್ದರೆ ಅದು ಎಫ್‌ಎಸ್‌ಎಚ್ ಅನ್ನು ತಗ್ಗಿಸಿ, ನಿಜವಾದ ಸ್ಥಿತಿಯನ್ನು ಮರೆಮಾಡಬಹುದು.

ಪ್ರೊಜೆಸ್ಟರಾನ್: ಆ ತಿಂಗಳು ಅಂಡಾಣು ಬಿಡುಗಡೆಯಾಗಿದೆಯೇ ಎಂಬ ಪ್ರಶ್ನೆಗೆ ಇದು ಉತ್ತರ. ಮುಂದಿನ ಮುಟ್ಟಿಗೆ ಸುಮಾರು 7 ದಿನ ಇರುವಾಗ ಪರೀಕ್ಷಿಸಬೇಕು. ಪ್ರತಿ ಮಿಲಿಲೀಟರ್ ರಕ್ತಸಾರದಲ್ಲಿ 3 ನ್ಯಾನೋಗ್ರಾಂಗಿಂತ ಹೆಚ್ಚಿದ್ದರೆ ಅಂಡಾಣು ಬಿಡುಗಡೆಯಾಗಿದೆ ಎಂದು ತಿಳಿಯಲಾಗುತ್ತದೆ. ಈ ಪರೀಕ್ಷೆಗೆ ‘21ನೆಯ ದಿನದ ಪರೀಕ್ಷೆ’ ಎಂಬ ಹೆಸರು ಬಿದ್ದಿದೆ. ಇದೇ ತೊಡಕಿಗೆ ಕಾರಣ. 28 ದಿನಗಳಿಗೊಮ್ಮೆ ಮುಟ್ಟಾಗುವವರಿಗೆ 21ನೆಯ ದಿನ ಸರಿ. 35 ದಿನಗಳಿಗೊಮ್ಮೆ ಮುಟ್ಟಾಗುವವರಿಗೆ 28ನೆಯ ದಿನವೇ ಸರಿಯಾದ ದಿನ. ಅಂಥವರ ರಕ್ತವನ್ನು 21ನೆಯ ದಿನ ತೆಗೆದು ‘ಅಂಡಾಣು ಬಿಡುಗಡೆಯಾಗಿಲ್ಲ’ ಎನ್ನುವುದು, ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕುವ ಮೊದಲೇ ನಲ್ಲಿಯ ನೀರನ್ನು ಪರೀಕ್ಷಿಸಿ ನೀರುಗಂಟಿಯ ಮೇಲೆ ದೂರು ಬರೆದಂತೆ.

ಟಿಎಸ್‌ಎಚ್: ಥೈರಾಯ್ಡ್ ಗ್ರಂಥಿಯ ಕೆಲಸ ಕುಂದಿದಾಗ ಟಿಎಸ್‌ಎಚ್ ಏರುತ್ತದೆ, ಮುಟ್ಟು ಏರುಪೇರಾಗುತ್ತದೆ, ಗರ್ಭ ನಿಲ್ಲುವುದು ತಡವಾಗಬಹುದು, ನಿಂತ ಗರ್ಭ ಇಳಿದುಹೋಗುವ ಸಂಭವವೂ ಹೆಚ್ಚುತ್ತದೆ. ದಿನಕ್ಕೊಂದು ಮಾತ್ರೆಯಿಂದ ಸರಿಪಡಿಸಬಹುದಾದ ತೊಂದರೆಯಿದು. ವರ್ಷಗಟ್ಟಲೆ ‘ದೋಷ’ ಎಂದು ಕರೆಸಿಕೊಂಡದ್ದು ಕೆಲವೊಮ್ಮೆ ಇಷ್ಟೇ ಆಗಿರುತ್ತದೆ. ಆದ್ದರಿಂದ ದುಬಾರಿ ಪರೀಕ್ಷೆಗಳಿಗಿಂತ ಮೊದಲು ಈ ಪರೀಕ್ಷೆ ಆಗಬೇಕು.

ಪ್ರೊಲ್ಯಾಕ್ಟಿನ್: ಹಾಲೂಡಿಸುವ ತಾಯಿಯಲ್ಲಿ ಸಹಜವಾಗಿ ಹೆಚ್ಚಿರುವ ಈ ಹಾರ್ಮೋನು ಇತರ ಸಮಯದಲ್ಲಿ ಹೆಚ್ಚಾದರೆ ಅಂಡಾಣುವಿನ ಬಿಡುಗಡೆ ನಿಲ್ಲಬಹುದು. ಆದರೆ ಗಾಬರಿ, ನಿದ್ರಾಭಂಗ ಹಾಗೂ ವಾಂತಿ ತಡೆಯುವ ಮತ್ತು ಮಾನಸಿಕ ಕಾಯಿಲೆಯ ಕೆಲವು ಮಾತ್ರೆಗಳಿಂದಲೂ ಇದು ಏರುತ್ತದೆ. ಥೈರಾಯ್ಡ್ ಕುಂದಿದಾಗಲೂ ಏರುವುದುಂಟು. ಬಸ್ಸಿನಲ್ಲಿ ನಿಂತು ಬಂದು, ಇಳಿದೊಡನೆ ರಕ್ತ ಕೊಟ್ಟರೆ ಅಂಕಿ ಸ್ವಲ್ಪ ಏರಿರಬಹುದು. ಸ್ವಲ್ಪ ಏರಿಕೆ ಕಂಡಲ್ಲಿ ವಿಶ್ರಾಂತಿಯ ನಂತರ ಮತ್ತೊಮ್ಮೆ ಪರೀಕ್ಷಿಸುವುದು ಕ್ರಮ. ನಿಜವಾಗಿಯೂ ಹೆಚ್ಚಿದ್ದಲ್ಲಿ ಮಾತ್ರೆಗಳಿಂದ ಗುಣಪಡಿಸಬಹುದು.

ಆಂಡ್ರೊಜನ್‌ಗಳು: ಟೆಸ್ಟೊಸ್ಟರಾನ್ ಮುಂತಾದ ಈ ಹಾರ್ಮೋನುಗಳು ಅಲ್ಪ ಪ್ರಮಾಣದಲ್ಲಿ ಸ್ತ್ರೀಯರಲ್ಲಿಯೂ ಇರುತ್ತವೆ. ಪಿಸಿಒಎಸ್ ಎಂದು ಹೆಸರಾದ ತೊಂದರೆಯಲ್ಲಿ ಇವು ಹೆಚ್ಚುತ್ತವೆ, ಮುಟ್ಟು ತಡವಾಗುತ್ತದೆ, ಮುಖದ ಮೇಲೆ ಕೂದಲು, ಮೊಡವೆ ಕಾಣಿಸಿಕೊಳ್ಳುತ್ತವೆ. ಈ ತೊಂದರೆಯಿರುವವರಿಗೆ ಸಕ್ಕರೆ ಕಾಯಿಲೆಯ ಸಂಭವವೂ ಹೆಚ್ಚಾಗಿರುವುದರಿಂದ ರಕ್ತದ ಸಕ್ಕರೆಯನ್ನೂ ಪರೀಕ್ಷಿಸಬೇಕು. ಪಿಸಿಒಎಸ್ ಇರುವ ಬಹುಮಂದಿಗೆ ತೂಕದ ನಿಯಂತ್ರಣ ಮತ್ತು ಅಂಡಾಣು ಬಿಡುಗಡೆಯ ಮಾತ್ರೆಗಳಿಂದ ಮಕ್ಕಳಾಗುತ್ತವೆ.

ಈ ಪರೀಕ್ಷೆಗಳಿಗೆಲ್ಲ ಅನ್ವಯಿಸುವ ಒಂದು ಎಚ್ಚರಿಕೆಯಿದೆ. ಕೂದಲು, ಉಗುರಿನ ಬೆಳವಣಿಗೆಗೆಂದು ಮಾರಾಟವಾಗುವ ಬಯೋಟಿನ್ ಮಾತ್ರೆಗಳು ಹಲವು ಹಾರ್ಮೋನು ಪರೀಕ್ಷೆಗಳ ಅಂಕಿಯನ್ನು ಹುಸಿಯಾಗಿ ಏರಿಸಬಹುದು ಅಥವಾ ಇಳಿಸಬಹುದು. ಸೇವಿಸುತ್ತಿರುವ ಎಲ್ಲ ಮಾತ್ರೆಗಳನ್ನೂ ರಕ್ತ ಕೊಡುವ ಮುನ್ನ ತಿಳಿಸಬೇಕು.

4. ಹೆಚ್ಚು ತಪ್ಪರ್ಥಕ್ಕೆ ಒಳಗಾಗುವ ಎಎಂಎಚ್

ಇತ್ತೀಚೆಗೆ ಹೆಚ್ಚು ಕೇಳಿಬರುವ ಹೆಸರು ಎಎಂಎಚ್, ಎಂದರೆ ಆ್ಯಂಟಿ ಮುಲ್ಲೇರಿಯನ್ ಹಾರ್ಮೋನು. ಇದರ ಇತಿಹಾಸ ಕುತೂಹಲಕರವಾದದ್ದು. 1940ರ ದಶಕದಲ್ಲಿ ಫ್ರಾನ್ಸಿನ ಆಲ್ಫ್ರೆಡ್ ಜೋಸ್ಟ್ ಅವರು ಮೊಲದ ಭ್ರೂಣಗಳ ಮೇಲೆ ನಡೆಸಿದ ಪ್ರಯೋಗಗಳಿಂದ, ಗಂಡು ಭ್ರೂಣದಲ್ಲಿ ಗರ್ಭಾಶಯವು ರೂಪುಗೊಳ್ಳದಂತೆ ತಡೆಯುವ ವಸ್ತುವೊಂದು ಇರಬೇಕೆಂದು ತೋರಿಸಿಕೊಟ್ಟರು. ಆ ವಸ್ತುವೇ ಎಎಂಎಚ್. ಅದೇ ವಸ್ತುವನ್ನು ವಯಸ್ಕ ಸ್ತ್ರೀಯರ ಅಂಡಾಶಯದಲ್ಲಿ ಬೆಳೆಯುತ್ತಿರುವ ಸಣ್ಣ ಅಂಡಕೋಶಗಳೂ ಸ್ರವಿಸುತ್ತವೆಯೆಂಬುದು ಬಹಳ ಕಾಲದ ಮೇಲೆ ತಿಳಿದುಬಂತು.

ಹೆಣ್ಣುಮಗುವು ಹುಟ್ಟುವಾಗಲೇ ಜೀವನಪೂರ್ತಿಯ ಅಂಡಾಣುಗಳ ದಾಸ್ತಾನನ್ನು ಹೊತ್ತು ಬರುತ್ತದೆ. ಹುಟ್ಟುವಾಗ ಸುಮಾರು 10ರಿಂದ 20 ಲಕ್ಷದಷ್ಟಿರುವ ಈ ದಾಸ್ತಾನು ವರ್ಷ ಕಳೆದಂತೆ ಕರಗುತ್ತ ಹೋಗುತ್ತದೆ. ದಾಸ್ತಾನು ಕಡಿಮೆಯಾದಂತೆ ಎಎಂಎಚ್ ಕೂಡ ಇಳಿಯುತ್ತದೆ. ತಿಂಗಳ ಯಾವ ದಿನವಾದರೂ ಪರೀಕ್ಷಿಸಬಹುದಾಗಿರುವುದರಿಂದ ಇದು ಜನಪ್ರಿಯವಾಗಿದೆ.

ಈ ಅಂಕಿಯು ಉತ್ತರಿಸುವ ಪ್ರಶ್ನೆ ‘ದಾಸ್ತಾನು ಎಷ್ಟಿದೆ’ ಎಂಬುದು. ಪ್ರನಾಳ ಶಿಶು ಚಿಕಿತ್ಸೆಯಲ್ಲಿ ಚುಚ್ಚುಮದ್ದು ಕೊಟ್ಟಾಗ ಎಷ್ಟು ಅಂಡಾಣುಗಳು ದೊರೆಯಬಹುದು, ಔಷಧಿಯ ಪ್ರಮಾಣ ಎಷ್ಟಿರಬೇಕು ಎಂದು ನಿರ್ಧರಿಸಲು ವೈದ್ಯರಿಗೆ ಇದು ನಿಜಕ್ಕೂ ಉಪಯುಕ್ತ. ಆದರೆ ಅಂಡಾಣುವಿನ ಗುಣಮಟ್ಟವನ್ನು ಎಎಂಎಚ್ ಹೇಳುವುದಿಲ್ಲ. ಸಹಜವಾಗಿ ಗರ್ಭ ನಿಲ್ಲುತ್ತದೆಯೇ ಎಂಬುದನ್ನೂ ಹೇಳುವುದಿಲ್ಲ. ಕೆರೆಯಲ್ಲಿ ನೀರು ಕಡಿಮೆಯಿದ್ದರೂ ಒಂದು ಕೊಡ ತುಂಬಲು ಅಡ್ಡಿಯಿಲ್ಲ. ತಿಂಗಳಿಗೆ ಬೇಕಾದುದು ಒಂದೇ ಒಂದು ಅಂಡಾಣು.

ಇದು ಬರಿಯ ಸಮಾಧಾನದ ಮಾತಲ್ಲ. ಅಮೆರಿಕದ ಉತ್ತರ ಕೆರೊಲಿನಾ ರಾಜ್ಯದಲ್ಲಿ ಸಂತಾನಹೀನತೆಯ ಹಿನ್ನೆಲೆಯಿಲ್ಲದ, ಆಗಷ್ಟೇ ಗರ್ಭಧಾರಣೆಗೆ ಪ್ರಯತ್ನ ಆರಂಭಿಸಿದ್ದ 30ರಿಂದ 44 ವರ್ಷದ 750 ಮಹಿಳೆಯರನ್ನು ಅಧ್ಯಯನ ಮಾಡಿ, 2017ರಲ್ಲಿ ಫಲಿತಾಂಶ ಪ್ರಕಟಿಸಲಾಯಿತು. ಎಎಂಎಚ್ ಪ್ರಮಾಣ 0.7 ನ್ಯಾನೋಗ್ರಾಂಗಿಂತ ಕಡಿಮೆಯಿದ್ದವರಲ್ಲಿ 6 ಋತುಚಕ್ರಗಳೊಳಗೆ ಗರ್ಭ ನಿಲ್ಲುವ ಸಂಭವ ಶೇ. 65, ಸಾಮಾನ್ಯ ಪ್ರಮಾಣವಿದ್ದವರಲ್ಲಿ ಶೇ. 62. ಎರಡರ ನಡುವೆ ಗಣನೆಗೆ ಬರುವ ವ್ಯತ್ಯಾಸವಿರಲಿಲ್ಲ. ಆ ಬಳಿಕ 2019ರಲ್ಲಿ ಅಮೆರಿಕದ ಪ್ರಸೂತಿ ಮತ್ತು ಸ್ತ್ರೀರೋಗ ತಜ್ಞರ ಸಂಸ್ಥೆಯು, ಸಂತಾನಹೀನತೆಯಿಲ್ಲದ ಮಹಿಳೆಯರಿಗೆ ಅವರ ಸಂತಾನಶಕ್ತಿಯ ಬಗ್ಗೆ ಸಲಹೆ ನೀಡಲು ಈ ಪರೀಕ್ಷೆಯನ್ನು ಬಳಸಬಾರದೆಂದು ತಿಳಿಸಿತು.

ಹಾಗೆಂದು ಕಡಿಮೆ ಅಂಕಿಯನ್ನು ಕಡೆಗಣಿಸುವಂತೆಯೂ ಇಲ್ಲ. ವರ್ಷಗಟ್ಟಲೆ ಗರ್ಭ ನಿಲ್ಲದೆ ಚಿಕಿತ್ಸೆಗೆ ಬಂದ ಮಹಿಳೆಯಲ್ಲಿ ಎಎಂಎಚ್ ಕಡಿಮೆಯಿದ್ದರೆ ಚಿಕಿತ್ಸೆಯನ್ನು ಮುಂದೂಡಬಾರದು ಎಂಬುದು ಅದರ ಅರ್ಥ. ಇನ್ನೊಂದು ಕಡೆ, ಅಂಕಿ ಬಹಳ ಹೆಚ್ಚಿದ್ದರೆ ಎಲ್ಲವೂ ಚೆನ್ನಾಗಿದೆ ಎಂದೂ ಅಲ್ಲ. ಪಿಸಿಒಎಸ್ ಇರುವವರಲ್ಲಿ ಅದು ಏರಿರುತ್ತದೆ. ಗರ್ಭನಿರೋಧಕ ಮಾತ್ರೆ ಸೇವಿಸುವವರಲ್ಲಿ ತಾತ್ಕಾಲಿಕವಾಗಿ ಇಳಿದಿರುತ್ತದೆ.

5. ರಕ್ತವು ಹೇಳಲಾರದ ಸಂಗತಿಗಳು

ಎಲ್ಲ ಹಾರ್ಮೋನುಗಳೂ ಸರಿಯಾಗಿದ್ದು ಗರ್ಭನಾಳಗಳು ಮುಚ್ಚಿಕೊಂಡಿದ್ದರೆ ಗರ್ಭ ನಿಲ್ಲದು. ನಾಳ ತೆರೆದಿದೆಯೇ ಎಂಬುದನ್ನು ಹಾರ್ಮೋನಿನ ಅಂಕಿ ತಿಳಿಸಲಾರದು. ಮುಟ್ಟು ನಿಂತ ಮೇಲೆ, ಅಂಡಾಣು ಬಿಡುಗಡೆಯಾಗುವ ಮೊದಲು, ಗರ್ಭಾಶಯಕ್ಕೆ ವಿಶೇಷ ದ್ರವವನ್ನು ಹಾಯಿಸಿ ಎಕ್ಸ್‌ರೇ ತೆಗೆದು ನೋಡಬೇಕು.

ಭಾರತದಲ್ಲಿ ಗರ್ಭನಾಳ ಮುಚ್ಚಿಕೊಳ್ಳಲು ಜನನಾಂಗದ ಕ್ಷಯರೋಗವೂ ಒಂದು ಮುಖ್ಯ ಕಾರಣ. ಕೆಮ್ಮು, ಕಫ ಯಾವುದೂ ಇಲ್ಲದೆ ಇದು ಮೌನವಾಗಿ ಇರಬಲ್ಲದು. ಇದನ್ನು ರಕ್ತದ ಪ್ರತಿಕಾಯ ಪರೀಕ್ಷೆಯಿಂದ ಪತ್ತೆಹಚ್ಚುವುದಾಗಿ ಹೇಳುವವರನ್ನು ನಂಬಬಾರದು. ಕ್ಷಯರೋಗದ ಅಂತಹ ಪರೀಕ್ಷೆಗಳು ತಪ್ಪು ಫಲಿತಾಂಶ ನೀಡುತ್ತವೆಯೆಂಬ ಕಾರಣಕ್ಕೆ ಭಾರತ ಸರ್ಕಾರವು 2012ರಲ್ಲಿಯೇ ಅವುಗಳನ್ನು ನಿಷೇಧಿಸಿದೆ. ಗರ್ಭಾಶಯದ ಒಳಪದರದ ಮಾದರಿಯನ್ನು ತೆಗೆದು ಪರೀಕ್ಷಿಸಬೇಕು. ರೋಗ ಖಚಿತವಾದರೆ ರಾಷ್ಟ್ರೀಯ ಕ್ಷಯರೋಗ ನಿರ್ಮೂಲನಾ ಕಾರ್ಯಕ್ರಮದಡಿ ಔಷಧಿಗಳು ಉಚಿತ.

ಮುಟ್ಟಿನ ಸಮಯದಲ್ಲಿ ತಡೆಯಲಾರದ ನೋವನ್ನು ಉಂಟುಮಾಡುವ ಎಂಡೊಮೆಟ್ರಿಯೋಸಿಸ್ ಎಂಬ ಕಾಯಿಲೆಯೂ ಹೀಗೆಯೇ. ಸಿಎ-125 ಎಂಬ ರಕ್ತಪರೀಕ್ಷೆಯನ್ನು ಇದಕ್ಕಾಗಿ ಮಾಡಿಸುವುದುಂಟು. ಆದರೆ ಈ ಕಾಯಿಲೆಯನ್ನು ನಿರ್ಧರಿಸಲು ರಕ್ತದ ಯಾವ ಸೂಚಕವನ್ನೂ ಅವಲಂಬಿಸಬಾರದೆಂದು ಯುರೋಪಿನ ತಜ್ಞರ ಸಂಸ್ಥೆಯು 2022ರ ಮಾರ್ಗಸೂಚಿಯಲ್ಲಿ ಹೇಳಿದೆ.

6. ಪತಿಯ ತಪಾಸಣೆ

ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಪ್ರಕರಣಗಳಲ್ಲಿ ಪುರುಷನ ಕಡೆಯ ಕಾರಣವೂ ಸೇರಿರುತ್ತದೆ. ವೀರ್ಯ ಪರೀಕ್ಷೆಯು ಸುಲಭವಾದದ್ದು, ಖರ್ಚು ಕಡಿಮೆಯಾದದ್ದು; ಸೂಜಿ ಚುಚ್ಚುವ ಅಗತ್ಯವಿಲ್ಲ, ಎಕ್ಸ್‌ರೇ ಬೇಕಾಗಿಲ್ಲ. 2ರಿಂದ 7 ದಿನಗಳ ಸಂಯಮದ ನಂತರ ಮಾದರಿಯನ್ನು ಕೊಡಬೇಕು. ಫಲಿತಾಂಶ ಸರಿಯಿಲ್ಲದಿದ್ದರೆ ಮತ್ತೊಮ್ಮೆ ಪರೀಕ್ಷಿಸಬೇಕು. ಬೀಡಿ, ಸಿಗರೇಟು, ಮದ್ಯ ಮತ್ತು ಪುರುಷ ಹಾರ್ಮೋನಿನ ಚುಚ್ಚುಮದ್ದು ವೀರ್ಯಾಣುಗಳಿಗೆ ಹಾನಿಕರ. ಪುರುಷತ್ವಕ್ಕೂ ವೀರ್ಯಾಣುಗಳ ಸಂಖ್ಯೆಗೂ ಸಂಬಂಧವಿಲ್ಲ. ದಾಂಪತ್ಯದಲ್ಲಿ ಯಾವ ಕೊರತೆಯೂ ಇಲ್ಲದ, ಗದ್ದೆಯಲ್ಲಿ ದಿನವಿಡೀ ದುಡಿಯಬಲ್ಲ ವ್ಯಕ್ತಿಯ ಮಾದರಿಯಲ್ಲಿಯೂ ವೀರ್ಯಾಣುಗಳು ಇಲ್ಲದಿರಬಹುದು.

ಇಷ್ಟು ಸುಲಭವಾದ ಪರೀಕ್ಷೆಯೇ ಬಹುತೇಕ ಮನೆಗಳಲ್ಲಿ ಕೊನೆಗೆ ಉಳಿಯುತ್ತದೆ. ಉದಾಹರಣೆಗಾಗಿ ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳಬಹುದು. ಸೊಸೆಗೆ 29 ವರ್ಷ. ಮದುವೆಯಾಗಿ ನಾಲ್ಕು ವರ್ಷ. ಪಟ್ಟಣದ ಪ್ರಯೋಗಾಲಯವೊಂದರ ರಿಯಾಯಿತಿ ಪ್ಯಾಕೇಜಿನಲ್ಲಿ ಹತ್ತಾರು ಪರೀಕ್ಷೆಗಳಾಗಿ, ಎಎಂಎಚ್ ಕಡಿಮೆಯೆಂದು ವರದಿ ಬಂದಿದೆ. ಮನೆಯಲ್ಲಿ ‘ಇವಳಲ್ಲಿ ಮೊಟ್ಟೆಯೇ ಇಲ್ಲವಂತೆ’ ಎಂಬ ಮಾತು ಹುಟ್ಟಿದೆ. ಅತ್ತೆ ಮಗನಿಗೆ ಬೇರೆ ಸಂಬಂಧ ನೋಡುವ ವಿಚಾರದಲ್ಲಿದ್ದಾರೆ. ಮಾವ ಅರ್ಧ ಎಕರೆ ಮಾರಿ ಪ್ರನಾಳ ಶಿಶು ಚಿಕಿತ್ಸೆಗೆ ಕಳುಹಿಸುವ ವಿಚಾರದಲ್ಲಿದ್ದಾರೆ. ಇಬ್ಬರ ಉದ್ದೇಶ ಬೇರೆಯಾದರೂ ಇಬ್ಬರೂ ಒಂದೇ ಕಾಗದವನ್ನು ನಂಬಿದ್ದಾರೆ. ಮಗನ ವೀರ್ಯ ಪರೀಕ್ಷೆ ಆಗಿಲ್ಲ; ಸೊಸೆಯ ಗರ್ಭನಾಳದ ಪರೀಕ್ಷೆ ಆಗಿಲ್ಲ; ಅದೇ ವರದಿಯ ಎರಡನೆಯ ಪುಟದಲ್ಲಿರುವ ಏರಿದ ಟಿಎಸ್‌ಎಚ್ ಅನ್ನು ಯಾರೂ ನೋಡಿಲ್ಲ. ಆ ಮನೆಗೆ ಬೇಕಾದುದು ಎರಡನೆಯ ಸೊಸೆಯೂ ಅಲ್ಲ, ಜಮೀನಿನ ಮಾರಾಟವೂ ಅಲ್ಲ. ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ, ಆ ವರದಿಯೊಂದಿಗೆ, ತಾಲ್ಲೂಕು ಆಸ್ಪತ್ರೆಯ ಸ್ತ್ರೀರೋಗ ತಜ್ಞರ ಮುಂದೆ ಕುಳಿತುಕೊಳ್ಳಬೇಕು.

7. ಕಾನೂನಿನ ರಕ್ಷಣೆ

ಮಕ್ಕಳಾಗಿಲ್ಲವೆಂದು ಮಹಿಳೆಯನ್ನು ಹೀಯಾಳಿಸುವುದು ಮನೆಯೊಳಗಿನ ಮಾತೆಂದು ಬಿಟ್ಟುಬಿಡುವಂಥದ್ದಲ್ಲ. ಕೌಟುಂಬಿಕ ಹಿಂಸಾಚಾರದಿಂದ ಮಹಿಳೆಯರ ಸಂರಕ್ಷಣಾ ಅಧಿನಿಯಮ, 2005ರ 3ನೆಯ ಪ್ರಕರಣವು, ಮಗುವಿಲ್ಲವೆಂದು ಅಥವಾ ಗಂಡುಮಗುವಿಲ್ಲವೆಂದು ಅವಮಾನಿಸುವುದನ್ನು ಹೆಸರಿಸಿ ಮೌಖಿಕ ಮತ್ತು ಭಾವನಾತ್ಮಕ ಹಿಂಸೆಯಲ್ಲಿ ಸೇರಿಸಿದೆ. ನೊಂದವರು ಸಂರಕ್ಷಣಾಧಿಕಾರಿಗಳಿಗೆ ದೂರು ನೀಡಬಹುದು. 181 ಮಹಿಳಾ ಸಹಾಯವಾಣಿಗೆ ಕರೆ ಮಾಡಬಹುದು.

ಹಿಂದೂ ವಿವಾಹ ಅಧಿನಿಯಮ, 1955ರ ವ್ಯಾಪ್ತಿಗೆ ಬರುವವರು ಪತ್ನಿ ಬದುಕಿರುವಾಗ, ವಿಚ್ಛೇದನವಾಗದೆ ಮತ್ತೊಂದು ಮದುವೆಯಾದರೆ ಆ ಮದುವೆ ಅಸಿಂಧು; ಭಾರತೀಯ ನ್ಯಾಯ ಸಂಹಿತೆಯ 82ನೆಯ ಪ್ರಕರಣದಡಿ ಅಪರಾಧ. ‘ಹೆಂಡತಿಯೇ ಒಪ್ಪಿದ್ದಾಳೆ’ ಎಂಬ ಮಾತಿನಿಂದ ಅದು ಸಿಂಧುವಾಗುವುದಿಲ್ಲ.

ಸ್ತ್ರೀಯರ ಬಂಜೆತನವನ್ನು ಗುಣಪಡಿಸುವುದಾಗಿ ಔಷಧಿಯ ಜಾಹೀರಾತು ನೀಡುವುದನ್ನು ಔಷಧಿ ಮತ್ತು ಮಾಂತ್ರಿಕ ಚಿಕಿತ್ಸೆಗಳ (ಆಕ್ಷೇಪಾರ್ಹ ಜಾಹೀರಾತುಗಳು) ಅಧಿನಿಯಮ, 1954 ನಿಷೇಧಿಸಿದೆ. ಬಸ್ ನಿಲ್ದಾಣದ ಗೋಡೆ, ಜಾತ್ರೆಯ ಮೈದಾನಗಳಲ್ಲಿ ಕಾಣುವ ಇಂತಹ ಫಲಕಗಳು ಈ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ಗಂಡುಮಗುವಿನ ಭರವಸೆ ನೀಡುವ ಜಾಹೀರಾತು, ಗರ್ಭಪೂರ್ವ ಮತ್ತು ಪ್ರಸವಪೂರ್ವ ಲಿಂಗಪತ್ತೆ ನಿಷೇಧ ಕಾಯ್ದೆ, 1994ರ ಉಲ್ಲಂಘನೆ. ಪ್ರನಾಳ ಶಿಶು ಚಿಕಿತ್ಸೆ ನೀಡುವ ಕೇಂದ್ರಗಳು ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ (ನಿಯಂತ್ರಣ) ಅಧಿನಿಯಮ, 2021ರಡಿ ನೋಂದಣಿಯಾಗಿರಬೇಕು. ಖಾಸಗಿ ಚಿಕಿತ್ಸಾಲಯ ಮತ್ತು ಪ್ರಯೋಗಾಲಯಗಳು ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮ, 2007ರಡಿ ನೋಂದಣಿ ಪಡೆದು ದರಪಟ್ಟಿಯನ್ನು ಪ್ರದರ್ಶಿಸಬೇಕು.

8. ಗ್ರಾಮ ಪಂಚಾಯಿತಿಯಿಂದ ಆಗಬೇಕಾದ ಕಾರ್ಯಗಳು

(ಅ) ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳಲ್ಲಿ ಮೇಲೆ ಹೇಳಿದ ಪರೀಕ್ಷೆಗಳಲ್ಲಿ ಯಾವುವು ಲಭ್ಯ, ಸ್ತ್ರೀರೋಗ ತಜ್ಞರು ಯಾವ ದಿನಗಳಂದು ಲಭ್ಯ, ವೀರ್ಯ ಪರೀಕ್ಷೆ ಎಲ್ಲಿ ಆಗುತ್ತದೆ ಎಂಬ ಮಾಹಿತಿಯನ್ನು ಆರೋಗ್ಯಾಧಿಕಾರಿಗಳಿಂದ ಲಿಖಿತವಾಗಿ ಪಡೆದು, ಅರಿವು ಕೇಂದ್ರ, ಅಂಗನವಾಡಿ ಮತ್ತು ಪಂಚಾಯಿತಿ ಕಚೇರಿಯ ಸೂಚನಾ ಫಲಕಗಳಲ್ಲಿ ಹಾಕುವುದು.

(ಆ) ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಸಭೆಯಲ್ಲಿ ವರ್ಷಕ್ಕೊಮ್ಮೆಯಾದರೂ ಈ ವಿಷಯವನ್ನು ಚರ್ಚಿಸುವುದು. ಮಹಿಳಾ ಗ್ರಾಮಸಭೆಗೆ ವೈದ್ಯಾಧಿಕಾರಿಗಳನ್ನು ಕರೆಸಿ ಮಾಹಿತಿ ಕೊಡಿಸುವುದು. ಪುರುಷರಿಗೂ ಇದೇ ಮಾಹಿತಿಯನ್ನು ಬೇರೆಯಾಗಿ ತಲುಪಿಸುವುದು. ಮಹಿಳೆಯರಿಗೆ ಮಾತ್ರ ಹೇಳಿದರೆ ಹೊಣೆಯೂ ಅವರ ಮೇಲೆಯೇ ಉಳಿಯುತ್ತದೆ.

(ಇ) ಆಶಾ ಕಾರ್ಯಕರ್ತೆಯರು ಇಂತಹ ದಂಪತಿಯನ್ನು ಆಸ್ಪತ್ರೆಗೆ ಕಳುಹಿಸುವಾಗ ಇಬ್ಬರನ್ನೂ ಒಟ್ಟಿಗೆ ಕಳುಹಿಸುವಂತೆ, ಪತ್ನಿಯ ಕಳೆದ ಆರು ತಿಂಗಳ ಮುಟ್ಟಿನ ದಿನಾಂಕಗಳನ್ನು ಬರೆದುಕೊಂಡು ಹೋಗುವಂತೆ ತಿಳಿಸುವುದು. ಕ್ಯಾಲೆಂಡರಿನ ಮೇಲೆ ಹಾಕಿದ ಆರು ಗುರುತುಗಳು ವೈದ್ಯರಿಗೆ ಅನೇಕ ರಕ್ತಪರೀಕ್ಷೆಗಳಷ್ಟೇ ಮಾಹಿತಿ ನೀಡುತ್ತವೆ. ಅದಕ್ಕೆ ಖರ್ಚೂ ಇಲ್ಲ.

(ಈ) ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ ಬಂಜೆತನ ನಿವಾರಣೆ ಅಥವಾ ಗಂಡುಸಂತಾನದ ಔಷಧಿಯ ಫಲಕಗಳು ಕಂಡುಬಂದಲ್ಲಿ ತಾಲ್ಲೂಕು ಆರೋಗ್ಯಾಧಿಕಾರಿಗಳಿಗೆ ಲಿಖಿತವಾಗಿ ವರದಿ ಮಾಡುವುದು. ಪಂಚಾಯಿತಿಯ ಕಟ್ಟಡ, ಗೋಡೆಗಳ ಮೇಲೆ ಅಂತಹ ಬರಹಗಳಿಗೆ ಅವಕಾಶ ಕೊಡದಿರುವುದು.

(ಉ) ಶಿಬಿರಗಳಲ್ಲಿ ಎಎಂಎಚ್ ಮುಂತಾದ ಪರೀಕ್ಷೆಗಳನ್ನು ರಿಯಾಯಿತಿಯಲ್ಲಿ ಮಾಡುವುದಾಗಿ ಸಂಸ್ಥೆಗಳು ಸಭಾಂಗಣವನ್ನು ಕೇಳಿದಾಗ, ವರದಿಯನ್ನು ವಿವರಿಸಲು ನೋಂದಾಯಿತ ವೈದ್ಯರು ಇರುತ್ತಾರೆಯೇ, ಪುರುಷರ ತಪಾಸಣೆಯೂ ಇದೆಯೇ ಎಂದು ಕೇಳಿ, ಆರೋಗ್ಯ ಇಲಾಖೆಯ ಅಭಿಪ್ರಾಯ ಪಡೆದ ನಂತರವೇ ಅವಕಾಶ ನೀಡುವುದು.

(ಊ) ಗೋಪ್ಯತೆಯನ್ನು ಕಟ್ಟುನಿಟ್ಟಾಗಿ ಕಾಪಾಡುವುದು. ಮಕ್ಕಳಿಲ್ಲದ ದಂಪತಿಗಳ ಪಟ್ಟಿಯನ್ನು ತಯಾರಿಸುವುದಾಗಲಿ, ಸಭೆಯಲ್ಲಿ ಹೆಸರು ಹೇಳುವುದಾಗಲಿ, ವರದಿಯ ಚಿತ್ರವನ್ನು ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹಂಚುವುದಾಗಲಿ ಕೂಡದು. ಸಹಾಯವನ್ನು ದಂಪತಿಯೇ ಕೇಳಬೇಕು. ಕೇಳಲು ಸಂಕೋಚವಾಗದಂತಹ ವಾತಾವರಣವನ್ನು ಪಂಚಾಯಿತಿ ನಿರ್ಮಿಸಬೇಕು.

ಕೊನೆಯದಾಗಿ ಒಂದು ಮಾತು. ‘ಬಂಜೆ’ ಎಂಬ ಶಬ್ದವು ಹೆಣ್ಣಿಗೆ ಮಾತ್ರ ಅಂಟಿಕೊಂಡು ಬಂದಿದೆ. ಗಂಡಿಗೆ ಅಷ್ಟೇ ಬಳಕೆಯ, ಅಷ್ಟೇ ಚುಚ್ಚುವ ಶಬ್ದವೊಂದು ಊರಿನ ಮಾತಿನಲ್ಲಿ ಇಲ್ಲ. ಶುಭಕಾರ್ಯಗಳಲ್ಲಿ ಆರತಿ ಎತ್ತಲು, ಉಡಿ ತುಂಬಲು ಕೆಲವರನ್ನು ದೂರವಿಡುವ ಪದ್ಧತಿಯೂ ಇನ್ನೂ ಅಲ್ಲಲ್ಲಿ ಉಳಿದಿದೆ. ಪ್ರಯೋಗಾಲಯದ ವರದಿಯು ಈ ಹಳೆಯ ಶಬ್ದಕ್ಕೆ ಹೊಸ ಸಾಕ್ಷ್ಯವಾಗಿ ಬಳಕೆಯಾಗಬಾರದು. ಅದು ಚಿಕಿತ್ಸೆಯ ದಾರಿಯನ್ನು ತೋರಿಸಲು ಹುಟ್ಟಿದ ಕಾಗದ. ಆ ಕೆಲಸಕ್ಕೇ ಅದು ಬಳಕೆಯಾಗಲಿ. ಚಿಕಿತ್ಸೆಯ ನಂತರವೂ ಕೆಲವರಿಗೆ ಮಕ್ಕಳಾಗದೆ ಇರಬಹುದು. ಅವರಿಗೂ ಗ್ರಾಮದಲ್ಲಿ ಎಲ್ಲರಂತೆ ಗೌರವದಿಂದ ಬಾಳುವ ಹಕ್ಕಿದೆ. ಆ ಹಕ್ಕನ್ನು ಕಾಯುವ ಹೊಣೆ ಚುನಾಯಿತ ಪ್ರತಿನಿಧಿಗಳ ಮೇಲಿದೆ. ಸದಸ್ಯರು ತಮ್ಮ ತಮ್ಮ ವಾರ್ಡುಗಳಲ್ಲಿ ಈ ಮಾಹಿತಿಯನ್ನು ತಲುಪಿಸುವರೆಂಬ ನಂಬಿಕೆಯೊಂದಿಗೆ ಈ ಉಪನ್ಯಾಸ ಮುಕ್ತಾಯಗೊಳ್ಳುತ್ತದೆ.